ಹಲವು ಫುಟ್‌ಬಾಲ್, ಒಬ್ಬ ಅಭಿಮಾನಿ

‘ಫುಟ್‌ಬಾಲ್’ ಎಂದೊಡನೆ ನಮ್ಮ ಊರುಗಳಲ್ಲಿ ಎಲ್ಲರ ಮನಸ್ಸಿಗೂ ಬರುವ ಆಟ ಒಂದೇ. ತಂಡಕ್ಕೆ ಹನ್ನೊಂದು ಮಂದಿ, ಗುಂಡಾದ ಚೆಂಡು, ಗೋಲು ಕಾಯುವವನೊಬ್ಬನ ಹೊರತು ಮಿಕ್ಕವರಾರೂ ಆಟದ ನಡುವೆ ಚೆಂಡಿಗೆ ಕೈ ತಾಗಿಸಕೂಡದೆಂಬ ಕಟ್ಟಳೆ. ಇಷ್ಟೇ ನಮಗೆ ಫುಟ್‌ಬಾಲ್. ಬೆಂಗಳೂರು ಮುಸ್ಲಿಮ್ಸ್ ತಂಡದವರು 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುತಂದದ್ದು ಈ ಆಟದಲ್ಲಿಯೇ. ಆದರೆ ಇದೇ ಮಾತನ್ನು ಮೆಲ್ಬರ್ನ್ ನಗರದಲ್ಲಿ ಆಡಿದರೆ ಕೇಳಿದವರ ಕಣ್ಣಮುಂದೆ ನಿಲ್ಲುವುದು ಬೇರೊಂದು ಆಟ: ಅಂಡಾಕಾರದ ವಿಶಾಲವಾದ ಬಯಲು, ತಂಡಕ್ಕೆ ಹದಿನೆಂಟು ಮಂದಿ. ಅಮೆರಿಕದಲ್ಲಿ ಆಡಿದರೆ ತಲೆಗೆ ಶಿರಸ್ತ್ರಾಣವನ್ನೂ ಹೆಗಲಿಗೆ ಕವಚವನ್ನೂ ತೊಟ್ಟ ಭಟರು ನಿಲ್ಲುತ್ತಾರೆ. ಐರ್ಲೆಂಡಿನ ಹಳ್ಳಿಯಲ್ಲಿ ಆಡಿದರೆ ಇನ್ನೂ ಒಂದು. ರಗ್ಬಿಯ ಮಾತನ್ನು ನಾವು ಇನ್ನೂ ಎತ್ತಿಲ್ಲ. ಅದರಲ್ಲಿಯೇ ಎರಡು ಬಗೆಗಳುಂಟು.

ಇವೆಲ್ಲವೂ ದಾಯಾದಿಗಳು. ಬ್ರಿಟಿಷ್ ದ್ವೀಪಗಳಲ್ಲಿ ಊರಿಗೂರೇ ಮೈಮೇಲೆ ಬಿದ್ದು ಆಡುತ್ತಿದ್ದ ಒರಟು ಆಟವೊಂದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆ ಬೇರೆ ಕಡೆಯವರು ಬೇರೆ ಬೇರೆ ನಿಯಮಗಳನ್ನು ಬರೆದರು. ಮೆಲ್ಬರ್ನಿನವರು 1859ರಲ್ಲಿ ಬರೆದರು. ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿದ್ದು 1863ರಲ್ಲಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದನ್ನೂ ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯುವುದನ್ನೂ ಈ ಸಂಘ ನಿಷೇಧಿಸಿತೆಂದು ಬ್ಲ್ಯಾಕ್‌ಹೀತ್ ಕ್ಲಬ್ಬಿನವರು ಮುನಿದು ಹೊರಟುಹೋದರು. ಒದೆಯುವ ಹಕ್ಕಿಗಾಗಿ ಸಭಾತ್ಯಾಗ ಮಾಡಿದವರು ಚರಿತ್ರೆಯಲ್ಲಿ ಹೆಚ್ಚು ಮಂದಿ ಇರಲಾರರು! ಅವರೂ ಅವರ ಮತದವರೂ ಸೇರಿ 1871ರಲ್ಲಿ ರಗ್ಬಿ ಯೂನಿಯನ್ನನ್ನು ಕಟ್ಟಿದರು. ಐರ್ಲೆಂಡಿನ ಥರ್ಲೆಸ್ ಎಂಬ ಊರಿನಲ್ಲಿ 1884ರ ನವೆಂಬರ್ 1ರಂದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿತು. ದಾಯಾದಿಗಳೆಂದ ಮೇಲೆ ಹೋಲಿಕೆಯೂ ಉಂಟು, ಮತ್ಸರವೂ ಉಂಟು.

ಒಬ್ಬನೇ ಪ್ರೇಕ್ಷಕನು ಇವುಗಳಲ್ಲಿ ಎರಡನ್ನೋ ಮೂರನ್ನೋ ಸಮನಾದ ಪ್ರೀತಿಯಿಂದ ಅನುಸರಿಸುವುದು ಸಾಧ್ಯವೆ? ಎರಡು ದೋಣಿಯ ಮೇಲೆ ಕಾಲಿಟ್ಟವನ ಗತಿ ಏನೆಂಬುದು ಎಲ್ಲರಿಗೂ ಗೊತ್ತು. ಆದರೆ ಆಟ ದೋಣಿಯಲ್ಲವೆಂದೇ ನಮ್ಮ ಅಭಿಪ್ರಾಯ. ಇಲ್ಲಿರುವ ತೊಡಕುಗಳು ಎರಡು. ಒಂದು ಕಣ್ಣಿನದು, ಇನ್ನೊಂದು ನಿಷ್ಠೆಯದು.

ಕಣ್ಣಿನ ತೊಡಕನ್ನು ತಿಳಿಯಬೇಕಾದರೆ ಗೋಲಿನ ಕಂಬಗಳನ್ನು ನೋಡಿದರೆ ಸಾಕು. ಅಸೋಸಿಯೇಷನ್ ಆಟದಲ್ಲಿ ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಹಿಂದೆ ಬಲೆ. ಚೆಂಡು ಪಟ್ಟಿಯ ಕೆಳಗೆ ಹೋಗಬೇಕು. ರಗ್ಬಿಯಲ್ಲಿ ಕಂಬಗಳು ಪಟ್ಟಿಯನ್ನು ದಾಟಿ ಆಕಾಶಕ್ಕೆ ಏಳುತ್ತವೆ, ಬಲೆಯಿಲ್ಲ. ಒದ್ದ ಚೆಂಡು ಪಟ್ಟಿಯ ಮೇಲೆ ಹೋಗಬೇಕು. ಗೇಲಿಕ್ ಆಟದಲ್ಲಿ ಎತ್ತರದ ಕಂಬಗಳೂ ಉಂಟು, ಕೆಳಗೆ ಬಲೆಯೂ ಉಂಟು. ಪಟ್ಟಿಯ ಮೇಲೆ ಹೋದರೆ ಒಂದು ಪಾಯಿಂಟು, ಕೆಳಗೆ ಬಲೆಗೆ ಬಿದ್ದರೆ ಗೋಲು, ಅದಕ್ಕೆ ಮೂರು ಪಾಯಿಂಟುಗಳ ಬೆಲೆ. ಒಂದೇ ಒದೆತವನ್ನು ಊಹಿಸಿಕೊಳ್ಳಿ: ಕಂಬಗಳ ನಡುವೆ ಪಟ್ಟಿಗಿಂತ ಒಂದು ಮೊಳ ಮೇಲಕ್ಕೆ ಹಾರಿದ ಚೆಂಡು. ಮೊದಲನೆಯ ಆಟದ ಪ್ರೇಕ್ಷಕರು ‘ಅಯ್ಯೋ’ ಎಂದು ತಲೆಯ ಮೇಲೆ ಕೈಯಿಡುತ್ತಾರೆ. ಮಿಕ್ಕ ಎರಡರವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಗೇಲಿಕ್ ಆಟದ ಫಲಿತಾಂಶವನ್ನು ಪತ್ರಿಕೆಯಲ್ಲಿ ಓದುವುದಕ್ಕೂ ಅಭ್ಯಾಸ ಬೇಕು. ಒಂದು ತಂಡಕ್ಕೆ 2-10, ಇನ್ನೊಂದಕ್ಕೆ 0-17 ಎಂದು ಅಚ್ಚಾಗಿದ್ದರೆ, ಎರಡು ಗೋಲು ಹೊಡೆದವರೇ ಗೆದ್ದರೆಂದು ನಮ್ಮವರು ತಿಳಿದಾರು. ಲೆಕ್ಕ ಹಾಕಿದರೆ ಮೊದಲಿನವರಿಗೆ ಹದಿನಾರು, ಒಂದು ಗೋಲನ್ನೂ ಕಾಣದವರಿಗೆ ಹದಿನೇಳು!

ಚೆಂಡು ಮುಂದೆ ಸಾಗುವ ರೀತಿಯಲ್ಲಿಯೂ ಹೀಗೆಯೇ ಭೇದವುಂಟು. ಅಸೋಸಿಯೇಷನ್ ಆಟವನ್ನು ನೋಡಿ ಪಳಗಿದ ಕಣ್ಣು, ಚೆಂಡಿಗಿಂತ ಮುಂದೆ ಯಾರು ತೆರಪಿನಲ್ಲಿ ನಿಂತಿದ್ದಾರೆಂದು ಹುಡುಕುತ್ತದೆ. ಮುಂದೆ ಹೋಗಿ ಕಾದಿರುವವನು ಅನ್ಯಾಯವಾಗಿ ಲಾಭ ಪಡೆಯದಂತೆ ಆಫ್‌ಸೈಡ್ ನಿಯಮ ತಡೆಯುತ್ತದೆ. 1925ಕ್ಕೆ ಹಿಂದೆ ಅವನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕಾಗಿತ್ತು, ಆ ವರ್ಷದಿಂದ ಇಬ್ಬರಾದರೆ ಸಾಕಾಯಿತು. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತೆಯೇ ಇಲ್ಲ. ಹಿಡಿದವನು ಓಡುತ್ತಾನೆ, ಸಿಕ್ಕಿಬೀಳುವ ಗಳಿಗೆಯಲ್ಲಿ ಪಕ್ಕಕ್ಕೋ ಹಿಂದಕ್ಕೋ ಎಸೆಯುತ್ತಾನೆ. ಆದುದರಿಂದ ರಗ್ಬಿಯ ಕಣ್ಣು ಹಿಂದಿನಿಂದ ಓಡಿಬರುತ್ತಿರುವವನನ್ನು ಹುಡುಕಬೇಕು. ಗೇಲಿಕ್ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಇಡಬಹುದು. ಆಮೇಲೆ ಅದನ್ನು ನೆಲಕ್ಕೆ ಒಮ್ಮೆ ಪುಟಿಸಬೇಕು, ಇಲ್ಲವೆ ಕಾಲಿನ ತುದಿಯಿಂದ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಎರಡು ಸಲ ಒಟ್ಟಿಗೆ ಪುಟಿಸಕೂಡದು. ಜೊತೆಗಾರನಿಗೆ ಕೊಡುವಾಗ ಎಸೆಯದೆ ಕೈಯಿಂದ ಹೊಡೆದು ಕೊಡಬೇಕು. ಅಸೋಸಿಯೇಷನ್ ಆಟದಲ್ಲಿರುವಂಥ ಆಫ್‌ಸೈಡ್ ಅಲ್ಲಿಲ್ಲ. ಗೋಲಿನ ಮುಂದಿನ ಚಿಕ್ಕ ಚೌಕದೊಳಕ್ಕೆ ಚೆಂಡಿಗಿಂತ ಮುಂಚೆ ನುಗ್ಗಬಾರದೆಂಬ ಕಟ್ಟಳೆಯುಂಟು, ಅಷ್ಟೆ. ಆಕಾಶದಿಂದಿಳಿಯುವ ಚೆಂಡಿಗೆ ನಾಲ್ಕಾರು ಮಂದಿ ಒಟ್ಟಿಗೆ ನೆಗೆದು, ಒಬ್ಬನು ಅದನ್ನು ಎರಡು ಕೈಗಳಿಂದ ಕಿತ್ತುಕೊಂಡು ಬರುವ ನೋಟ ಈ ಆಟದ ಜೀವ. ಅದನ್ನು ನೋಡುವ ಕಣ್ಣು ಮೇಲೆ ನೋಡಬೇಕು.

ಮೈಸೂರಿನ ಕಚೇರಿಗಳನ್ನು ಕೇಳಿ ಬೆಳೆದ ಕಿವಿ ಧಾರವಾಡದ ಕಡೆಯ ಗಾಯಕರ ವಿಲಂಬಿತ ಖ್ಯಾಲನ್ನು ಮೊದಲ ಸಲ ಕೇಳಿದಾಗ, ಕೃತಿ ಯಾವಾಗ ಆರಂಭವಾದೀತೆಂದು ಕಾಯುತ್ತ ಕುಳಿತಿರುತ್ತದೆ. ಕೃತಿ ಬರುವುದಿಲ್ಲ, ಅಷ್ಟರಲ್ಲಿ ರಾಗವೇ ಕೈತಪ್ಪಿಹೋಗಿರುತ್ತದೆ. ರಗ್ಬಿಯನ್ನು ನೋಡುತ್ತ ‘ಇವರೇಕೆ ಮುಂದಕ್ಕೆ ಕೊಡುವುದಿಲ್ಲ’ ಎಂದು ಗೊಣಗುವವನ ಪಾಡೂ ಅದೇ. ಈ ತೊಡಕು ನಾಲ್ಕಾರು ಪಂದ್ಯಗಳನ್ನು ತಾಳ್ಮೆಯಿಂದ ನೋಡಿದರೆ ನೀಗುವಂಥದು.

ನಿಷ್ಠೆಯ ತೊಡಕು ಹಾಗಲ್ಲ. ಅದು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಐರ್ಲೆಂಡಿಗಿಂತ ಸ್ಪಷ್ಟವಾದ ನಿದರ್ಶನ ನಮಗೆ ತಿಳಿಯದು. ಅಲ್ಲಿ ಎರಡನೆಯ ಫುಟ್‌ಬಾಲನ್ನು ನೋಡುವುದೇ ಅಪರಾಧವಾಗಿದ್ದ ಕಾಲವೊಂದಿತ್ತು.

ಗೇಲಿಕ್ ಸಂಘ ಹುಟ್ಟಿದ್ದು ಆಟಕ್ಕಾಗಿ ಮಾತ್ರವಲ್ಲ. ಆಂಗ್ಲರ ಆಳ್ವಿಕೆಯಲ್ಲಿ ಐರಿಷರ ಭಾಷೆ ಕ್ಷೀಣಿಸಿತ್ತು. ಆಟಗಳೂ ಅಳಿಯುವ ಸ್ಥಿತಿಗೆ ಬಂದಿದ್ದುವು. ತಮ್ಮದನ್ನು ಉಳಿಸಿಕೊಳ್ಳಬೇಕೆಂಬ ಹಂಬಲ ಸಂಘದ ಬೆನ್ನಿಗಿತ್ತು. ಸ್ಥಾಪಕರಲ್ಲಿ ಮುಖ್ಯನಾದ ಮೈಕೇಲ್ ಕ್ಯೂಸಾಕ್ ತಾನೇ ರಗ್ಬಿಯನ್ನೂ ಕ್ರಿಕೆಟ್ಟನ್ನೂ ಆಡಿದವನೆಂಬುದು ಬೇರೆಯ ಮಾತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸಂಘ ಒಂದು ನಿಷೇಧವನ್ನು ಭದ್ರಪಡಿಸಿತು: ರಗ್ಬಿ, ಅಸೋಸಿಯೇಷನ್ ಫುಟ್‌ಬಾಲ್, ಹಾಕಿ, ಕ್ರಿಕೆಟ್ ಇವು ‘ಪರದೇಶದ ಆಟಗಳು’, ಇವುಗಳನ್ನು ಆಡಿದ ಸದಸ್ಯನಿಗೆ ಸಂಘದಲ್ಲಿ ಸ್ಥಾನವಿಲ್ಲ. ಮುಂದೆ ನೋಡುವುದೂ ಈ ನಿಷೇಧದೊಳಗೆ ಸೇರಿತು. ಯಾರು ಯಾವ ಮೈದಾನಕ್ಕೆ ಹೋದರೆಂದು ಕಂಡುಹಿಡಿಯಲು ಕಾವಲು ಸಮಿತಿಗಳೇ ಏರ್ಪಟ್ಟುವು. ಆ ಸಮಿತಿಯವರು ತಪ್ಪಿತಸ್ಥರನ್ನು ಗುರುತಿಸಬೇಕಾದರೆ ತಾವೂ ಆ ಪಂದ್ಯಕ್ಕೆ ಹೋಗಬೇಕಾಗಿತ್ತಷ್ಟೆ. ಅವರೊಳಗೆ ಎಷ್ಟು ಮಂದಿ ಕರ್ತವ್ಯದ ಹೆಸರಿನಲ್ಲಿ ಒಳ್ಳೆಯ ಆಟವನ್ನು ಸವಿದು ಬಂದರೋ, ದೇವರೇ ಬಲ್ಲ.

ನಿಷೇಧದ ಅತಿರೇಕ ಹೊರಬಿದ್ದದ್ದು 1938ರಲ್ಲಿ. ಆ ವರ್ಷ ಡಗ್ಲಸ್ ಹೈಡ್ ಎಂಬ ವಿದ್ವಾಂಸರು ಐರ್ಲೆಂಡಿನ ಮೊದಲ ರಾಷ್ಟ್ರಾಧ್ಯಕ್ಷರಾದರು. ಐರಿಷ್ ಭಾಷೆಯ ಪುನರುಜ್ಜೀವನಕ್ಕಾಗಿ 1893ರಲ್ಲಿ ಗೇಲಿಕ್ ಲೀಗನ್ನು ಸ್ಥಾಪಿಸಿದವರಲ್ಲಿ ಅಗ್ರಗಣ್ಯರು ಇವರೇ. ಐರ್ಲೆಂಡ್ ಆಂಗ್ಲ ಸಂಸ್ಕಾರವನ್ನು ಕಳಚಿಕೊಳ್ಳಬೇಕೆಂದು 1892ರಲ್ಲಿಯೇ ಪ್ರಸಿದ್ಧವಾದ ಭಾಷಣವನ್ನು ಮಾಡಿದ್ದವರು. ಗೇಲಿಕ್ ಸಂಘಕ್ಕೆ ಪೋಷಕರೂ ಆಗಿದ್ದರು. ಇಂಥವರು ನವೆಂಬರ್ 13ರಂದು ಡಬ್ಲಿನ್ ನಗರದ ಡೇಲಿಮೌಂಟ್ ಪಾರ್ಕಿನಲ್ಲಿ ಐರ್ಲೆಂಡಿಗೂ ಪೋಲೆಂಡಿಗೂ ನಡೆದ ಅಸೋಸಿಯೇಷನ್ ಪಂದ್ಯಕ್ಕೆ ಹೋಗಿ ಕುಳಿತರು. ರಾಷ್ಟ್ರಾಧ್ಯಕ್ಷನಾದವನು ತನ್ನ ದೇಶದ ತಂಡದ ಆಟಕ್ಕೆ ಹೋಗದೆ ಮತ್ತೆ ಯಾರು ಹೋಗಬೇಕು? ಆದರೆ ನಿಯಮ ನಿಯಮವೇ. ಸಂಘ ಅವರನ್ನು ಪೋಷಕ ಸ್ಥಾನದಿಂದ ತೆಗೆದುಹಾಕಿತು. ಭಾಷೆಗಾಗಿ ಬಾಳನ್ನು ಸವೆಸಿದ ಎಪ್ಪತ್ತೆಂಟು ವರ್ಷದ ವೃದ್ಧರು ಒಂದು ಮಧ್ಯಾಹ್ನದ ಆಟದಿಂದ ಪರದೇಶದವರ ಪಕ್ಷಕ್ಕೆ ಸೇರಿದಂತಾಯಿತು!

ಇದನ್ನು ಕೇಳಿ ನಗುವುದು ಸುಲಭ. ನಾವು ಮಾತ್ರ ಪೂರ್ತಿಯಾಗಿ ನಗಲಾರೆವು. ಗೇಲಿಕ್ ಸಂಘದ ಮುಖ್ಯ ಮೈದಾನವಾದ ಕ್ರೋಕ್ ಪಾರ್ಕಿನಲ್ಲಿ 1920ರ ನವೆಂಬರ್ 21ರಂದು ಡಬ್ಲಿನ್ ಮತ್ತು ಟಿಪರರಿ ತಂಡಗಳು ಫುಟ್‌ಬಾಲ್ ಆಡುತ್ತಿದ್ದುವು. ಆ ದಿನ ಬೆಳಗ್ಗೆ ಐರಿಷ್ ಕ್ರಾಂತಿಕಾರರು ನಗರದಲ್ಲಿ ಬ್ರಿಟಿಷ್ ಗುಪ್ತಚಾರ ವಿಭಾಗದ ಅಧಿಕಾರಿಗಳನ್ನು ಕೊಂದಿದ್ದರು. ಮಧ್ಯಾಹ್ನ ಸರ್ಕಾರದ ಪಡೆ ಮೈದಾನಕ್ಕೆ ಬಂದು ಜನರ ಮೇಲೆ ಗುಂಡು ಹಾರಿಸಿತು. ಸತ್ತವರು ಹದಿನಾಲ್ಕು ಮಂದಿ. ಅವರಲ್ಲಿ ಟಿಪರರಿಯ ಆಟಗಾರ ಮೈಕೇಲ್ ಹೋಗನ್ ಒಬ್ಬನು. ಅಲ್ಲಿಯ ಪ್ರೇಕ್ಷಕರ ಕಟ್ಟಡವೊಂದಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ. ಆಟ ನೋಡಲು ಬಂದವರ ರಕ್ತ ಬಿದ್ದ ನೆಲದಲ್ಲಿ ‘ಇದು ಬರಿಯ ಆಟ’ ಎಂದು ಹೇಳುವ ಅಧಿಕಾರ ಹೊರಗಿನವರಿಗಿಲ್ಲ. ನಿಷೇಧವನ್ನು ಮಾಡಿದವರ ನೋವು ನಿಜ. ಅವರು ಎಡವಿದ್ದು ಬೇರೆ ಕಡೆ: ತಮ್ಮವನ ಕಣ್ಣನ್ನು ಕಟ್ಟಿದರೆ ಅವನ ಪ್ರೀತಿ ತಮ್ಮಲ್ಲಿಯೇ ನಿಲ್ಲುವುದೆಂದು ನಂಬಿದ್ದರಲ್ಲಿ.

ಪ್ರೀತಿ ಹಾಗೆ ನಿಲ್ಲಲಿಲ್ಲ. ಬಯಲಲ್ಲಿದ್ದದ್ದು ಮರೆಗೆ ಸರಿಯಿತು, ಅಷ್ಟೆ. ಹುಡುಗರು ಬೇರೆ ಹೆಸರಿನಲ್ಲಿ ಆಡಿದರು, ದೊಡ್ಡವರು ಟೋಪಿಯನ್ನು ಮುಖಕ್ಕೆಳೆದುಕೊಂಡು ನೋಡಿದರು. ದೂರದರ್ಶನ ಮನೆಯೊಳಕ್ಕೆ ಬಂದ ಮೇಲೆ ಕಾವಲು ಸಮಿತಿಯವರು ಯಾವ ಗೇಟಿನಲ್ಲಿ ನಿಲ್ಲಬೇಕು? ಡಬ್ಲಿನ್ನಿನ ಟಾಮ್ ವುಲ್ಫ್ ಎಂಬವರು ಸಂಘದ ಒಳಗಿದ್ದುಕೊಂಡೇ ನಿಷೇಧದ ವಿರುದ್ಧ ವರ್ಷಗಟ್ಟಲೆ ವಾದಿಸಿದರು. ಕೊನೆಗೆ 1971ರಲ್ಲಿ ಬೆಲ್‌ಫಾಸ್ಟಿನಲ್ಲಿ ಸೇರಿದ ಮಹಾಸಭೆ ಅದನ್ನು ತೆಗೆದುಹಾಕಿತು.

ತೆಗೆದದ್ದರಿಂದ ಗೇಲಿಕ್ ಆಟ ಸೊರಗಿತೆ? ಕೆವಿನ್ ಮೊರನ್ ಎಂಬ ಆಟಗಾರನನ್ನು ನೋಡಿ. ಡಬ್ಲಿನ್ ತಂಡದಲ್ಲಿ ಆಡಿ 1976ರಲ್ಲಿಯೂ 1977ರಲ್ಲಿಯೂ ಅಖಿಲ ಐರ್ಲೆಂಡ್ ಗೇಲಿಕ್ ಪ್ರಶಸ್ತಿಯನ್ನು ಗೆದ್ದನು. 1978ರಲ್ಲಿ ಇಂಗ್ಲೆಂಡಿಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಸೇರಿದನು. ಹತ್ತು ವರ್ಷ ಮುಂಚೆ ಹುಟ್ಟಿದ್ದರೆ ಅವನು ಎರಡರಲ್ಲಿ ಒಂದನ್ನು ಕಳ್ಳತನದಿಂದ ಆಡಬೇಕಾಗುತ್ತಿತ್ತು. 1985ರ ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಅವನನ್ನು ರೆಫ್ರಿ ಹೊರಗೆ ಕಳುಹಿಸಿದರು. ಆ ಪಂದ್ಯದ ಚರಿತ್ರೆಯಲ್ಲಿ ಹಾಗೆ ಹೊರಬಿದ್ದವರಲ್ಲಿ ಅವನೇ ಮೊದಲಿಗನು. ಡಬ್ಲಿನ್ನಿನ ಗೇಲಿಕ್ ಅಭಿಮಾನಿಗಳು ಅವನನ್ನು ಪರರವನೆಂದು ಎಣಿಸಲಿಲ್ಲ.

ಕ್ರೋಕ್ ಪಾರ್ಕಿನ ಬಾಗಿಲು ಮಾತ್ರ ರಗ್ಬಿಗೂ ಅಸೋಸಿಯೇಷನ್ ಆಟಕ್ಕೂ ಇನ್ನೂ ಮುಚ್ಚಿತ್ತು. ರಗ್ಬಿಯವರೂ ಅಸೋಸಿಯೇಷನ್ನಿನವರೂ ಬಳಸುತ್ತಿದ್ದ ಲ್ಯಾನ್ಸ್‌ಡೌನ್ ರಸ್ತೆಯ ಮೈದಾನವನ್ನು ಕೆಡವಿ ಕಟ್ಟಬೇಕಾದಾಗ, ಅವರಿಗೆ ದೇಶದಲ್ಲಿ ತಕ್ಕ ಸ್ಥಳವಿಲ್ಲದಂತಾಯಿತು. ಸಂಘ 2005ರಲ್ಲಿ ನಿಯಮವನ್ನು ಸಡಿಲಿಸಿತು. 2007ರ ಫೆಬ್ರವರಿ 24ರಂದು ಇಂಗ್ಲೆಂಡಿನ ರಗ್ಬಿ ತಂಡ ಆ ನೆಲದ ಮೇಲೆ ನಿಂತಿತು. ಇಂಗ್ಲೆಂಡಿನ ರಾಷ್ಟ್ರಗೀತೆಯನ್ನು ಅಲ್ಲಿ ನುಡಿಸುವುದೆ ಎಂದು ವಾರಗಟ್ಟಲೆ ಚರ್ಚೆ ನಡೆದಿತ್ತು. ನುಡಿಸಿದರು, ಜನ ಗೌರವದಿಂದ ಕೇಳಿದರು. ಅನಂತರ ಐರ್ಲೆಂಡ್ 43-13ರಿಂದ ಗೆದ್ದಿತು. ಸೌಜನ್ಯಕ್ಕೂ ಸೇಡಿಗೂ ಒಂದೇ ದಿನದಲ್ಲಿ ಎಡೆ ದೊರೆತದ್ದು ಅಪರೂಪ.

ರಾಷ್ಟ್ರಾಭಿಮಾನವೊಂದೇ ಇಂಥ ಗೋಡೆಗಳನ್ನು ಕಟ್ಟುತ್ತದೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ ಗೋಡೆ ಕಟ್ಟಿದ್ದು ಹಣ. ಉತ್ತರದ ಗಿರಣಿ ಮತ್ತು ಗಣಿಗಳ ಕೂಲಿಗಾರರು ಆಟಕ್ಕಾಗಿ ಕಳೆದುಕೊಂಡ ಕೂಲಿಯನ್ನು ತುಂಬಿಕೊಡಬೇಕೆಂದು ಅಲ್ಲಿಯ ರಗ್ಬಿ ಕ್ಲಬ್ಬುಗಳು ಕೇಳಿದುವು. ದೊಡ್ಡಮನುಷ್ಯರ ಯೂನಿಯನ್ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು ಬೇರೆಯಾಗಿ, ತಂಡಕ್ಕೆ ಹದಿಮೂರು ಮಂದಿ ಆಡುವ ರಗ್ಬಿ ಲೀಗ್ ಮುಂದೆ ಅದರಿಂದ ಬೆಳೆಯಿತು. ಹಣಕ್ಕಾಗಿ ಆ ಕಡೆ ಹೋದವನಿಗೆ ಯೂನಿಯನ್ನಿನ ಬಾಗಿಲು ಜೀವಾವಧಿ ಮುಚ್ಚುತ್ತಿತ್ತು. 1995ರಲ್ಲಿ ಯೂನಿಯನ್ ತಾನೂ ಸಂಬಳದ ಆಟವಾದ ಮೇಲೆ ಆ ಬಹಿಷ್ಕಾರಕ್ಕೆ ಅರ್ಥವುಳಿಯಲಿಲ್ಲ.

ಡಬ್ಲಿನ್ನಿನ ಅಭಿಮಾನಿಗೆ ಈಗ ಅಂಜಿಕೆಯಿಲ್ಲ. ಫೆಬ್ರವರಿ ಮಾರ್ಚಿಯಲ್ಲಿ ಆರು ರಾಷ್ಟ್ರಗಳ ರಗ್ಬಿ, ಬೇಸಗೆಯಲ್ಲಿ ಗೇಲಿಕ್, ನಡುನಡುವೆ ಅಸೋಸಿಯೇಷನ್. ಒಬ್ಬನೇ ಮೂರಕ್ಕೂ ಟಿಕೆಟ್ಟು ಕೊಳ್ಳಬಹುದು. 2024ರ ಮೇ ತಿಂಗಳಲ್ಲಿ ಲೆನ್ಸ್‌ಟರ್ ರಗ್ಬಿ ತಂಡ ಇಂಗ್ಲೆಂಡಿನ ನಾರ್ತ್‌ಹ್ಯಾಂಪ್ಟನ್ ತಂಡವನ್ನು ಎದುರಿಸಿದ್ದು ಕ್ರೋಕ್ ಪಾರ್ಕಿನಲ್ಲಿಯೇ; ಎಂಬತ್ತು ಸಾವಿರಕ್ಕೆ ಮೀರಿದ ಜನ ಸೇರಿದ್ದರು. ಅವನಿಗೆ ಹೊಸದಾಗಿ ಬಂದ ಕಷ್ಟವೆಂದರೆ ಲೆಕ್ಕದ್ದು. ಗೇಲಿಕ್ ಸಂಘದವರು 2025ರಲ್ಲಿ ಗೋಲಿನಿಂದ ನಲವತ್ತು ಮೀಟರು ದೂರಕ್ಕೆ ಕಮಾನಿನಂತೆ ಒಂದು ಗೆರೆಯನ್ನು ಎಳೆದಿದ್ದಾರೆ. ಅದರ ಹೊರಗಿನಿಂದ ಒದ್ದ ಚೆಂಡು ಪಟ್ಟಿಯ ಮೇಲೆ ಹೋದರೆ ಒಂದಲ್ಲ, ಎರಡು ಪಾಯಿಂಟು.