ಹಳೆಯ ಮಿಯಾಟಾಗೆ ಹೊಸ ಗೇರ್‌ಬಾಕ್ಸ್: ಮೊದಲು ಲೆಕ್ಕ, ಆಮೇಲೆ ಸ್ಪ್ಯಾನರ್

1989ರ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡ ಮಜ್ದಾ ಮಿಯಾಟಾ ಎರಡು ಸೀಟಿನ ಹಗುರ ಸ್ಪೋರ್ಟ್ಸ್ ಕಾರು. ಎಂಜಿನ್ ಮುಂದೆ, ಓಡಿಸುವುದು ಹಿಂದಿನ ಚಕ್ರ. ಮೊದಲ ವರ್ಷಗಳ 1.6 ಲೀಟರ್ ಕಾರಿಗೆ ಮುಂದಿನ ಮಾಡೆಲ್‌ಗಳ ಭಾಗ ಕೂರಿಸುವುದು ಅಮೆರಿಕದ ಗ್ಯಾರೇಜುಗಳಲ್ಲಿ ಮಾಮೂಲಿ. ಬೋಲ್ಟ್ ಕೂರುತ್ತದೆ ಎಂಬ ಒಂದೇ ಧೈರ್ಯದಲ್ಲಿ ಸಾಮಾನು ಕೊಳ್ಳಬೇಡಿ.

ಈ ಕಾರು ಸೋಲುವುದು ಡಿಫರೆನ್ಷಿಯಲ್‌ನಲ್ಲಿ. 1.6ರ ಕ್ರೌನ್ ವೀಲ್ 6 ಇಂಚಿನದು. ಟರ್ಬೊ ಹಾಕಿದರೆ ತಾಳುವುದಿಲ್ಲ. 1994ರಲ್ಲಿ 1.8 ಲೀಟರ್ ಎಂಜಿನ್ ಜೊತೆ ಬಂದದ್ದು 7 ಇಂಚಿನದು. ಅದರಲ್ಲೂ ಟಾರ್ಸೆನ್ ಇರುವುದನ್ನೇ ಹುಡುಕಿ. ಹಳೆಯ ವಿಸ್ಕಸ್ ಡಿಫರೆನ್ಷಿಯಲ್ ಒಳಗಿನ ಮಂದ ದ್ರವವನ್ನು ನಂಬಿಕೊಂಡಿದ್ದು, ಚಕ್ರ ಜಾರಿದ ಮೇಲೇ ಎಚ್ಚರಗೊಳ್ಳುತ್ತದೆ. ಟಾರ್ಸೆನ್ ಬರೀ ಗೇರುಗಳ ಕೆಲಸ, ಜಾರುವ ಮುಂಚೆಯೇ ಹಿಡಿತವಿರುವ ಚಕ್ರಕ್ಕೆ ಬಲ ಕೊಡುತ್ತದೆ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಮಾತ್ರ ಅದರ ಕೈಯಲ್ಲೂ ಆಗುವುದಿಲ್ಲ.

ಡಿಫರೆನ್ಷಿಯಲ್ ಒಂದನ್ನೇ ತಂದರೆ ಕೆಲಸ ನಿಂತುಹೋಗುತ್ತದೆ. ಆಕ್ಸಲ್‌ಗಳ ಒಳತುದಿ, ಪ್ರೊಪೆಲ್ಲರ್ ಶಾಫ್ಟ್‌ನ ಹಿಂದಿನ ಫ್ಲ್ಯಾಂಜ್ ಎರಡೂ ಹೊಂದುವುದಿಲ್ಲ. ಮೂರನ್ನೂ ಒಂದೇ 1.8 ಕಾರಿನಿಂದ ಬಿಚ್ಚಿಸಿಕೊಂಡು ಬರುವುದು ಒಳ್ಳೆಯದು.

ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ ಉದ್ದನೆಯ ಅಲ್ಯೂಮಿನಿಯಂ ತೊಲೆಯೊಂದಿದೆ. ಮಜ್ದಾ ಅದನ್ನು ಪವರ್ ಪ್ಲಾಂಟ್ ಫ್ರೇಮ್ ಎನ್ನುತ್ತದೆ. ಅದರ ಬೋಲ್ಟ್ ಸಡಿಲಿಸುವ ಮೊದಲು ಗೇರ್‌ಬಾಕ್ಸ್ ಕೆಳಗೆ ಜ್ಯಾಕ್ ಕೊಡಿ. ಇಲ್ಲದಿದ್ದರೆ ಹಿಂಬದಿ ಜೋತುಬೀಳುತ್ತದೆ. ಮರಳಿ ಕಟ್ಟುವಾಗ ಸರ್ವಿಸ್ ಪುಸ್ತಕದ ಎತ್ತರಕ್ಕೆ ಅಳೆದೇ ಬಿಗಿಯಬೇಕು. ಅಂದಾಜಿನಲ್ಲಿ ಬಿಗಿದರೆ ಶಾಫ್ಟ್‌ನ ಕೋನ ತಪ್ಪಿ, ವೇಗದಲ್ಲಿ ಕಾರು ನಡುಗುತ್ತದೆ. ಹಬ್‌ನ 29 ಎಂಎಂ ನಟ್ ಹೊಸದೇ ಇರಲಿ. ಹಳೆಯ ಆಯಿಲ್ ಇಳಿಸುವ ಮುಂಚೆ ತುಂಬುವ ಪ್ಲಗ್ ಬಿಚ್ಚುತ್ತದೆಯೇ ನೋಡಿ.

ಇನ್ನು ಲೆಕ್ಕ. ಎರಡನೇ ತಲೆಮಾರಿನ ಮಿಯಾಟಾದ ಆರು ಗೇರಿನ ಬಾಕ್ಸ್ ಹಾಕಿದರೆ ಹೈವೇಯಲ್ಲಿ ಎಂಜಿನ್ ನಿಧಾನ ತಿರುಗುತ್ತದೆ ಎಂದು ಬಹಳ ಜನ ನಂಬುತ್ತಾರೆ. ಆದರೆ ಅದರ ಆರನೇ ಗೇರ್ 0.843, ಹಳೆಯ ಬಾಕ್ಸಿನ ಐದನೆಯದೇ 0.814. ಮೊದಲ ಗೇರನ್ನೂ 3.136ರಿಂದ 3.760ಕ್ಕೆ ಏರಿಸಿದ್ದಾರೆ. ಗೇರುಗಳು ಒತ್ತೊತ್ತಾಗಿವೆ, ಅಷ್ಟೆ.

185/60 ಆರ್14 ಟೈರಿನ 1.6 ಕಾರನ್ನೇ ತೆಗೆದುಕೊಳ್ಳಿ. ಅದರ ಡಿಫರೆನ್ಷಿಯಲ್ ಅನುಪಾತ 4.30. ಗಂಟೆಗೆ 100 ಕಿ.ಮೀ. ವೇಗದಲ್ಲಿ, ಐದನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 3,215 ಸುತ್ತು ತಿರುಗುತ್ತದೆ. ಬಾಕ್ಸ್ ಮಾತ್ರ ಬದಲಿಸಿದರೆ ಆರನೆಯದರಲ್ಲಿ ಸುಮಾರು 3,330 ಸುತ್ತು, ಅಂದರೆ ಹೆಚ್ಚು! ಅದೇ ಬಾಕ್ಸಿಗೆ ಮಜ್ದಾ ಜೊತೆಮಾಡಿದ 3.909ರ ಡಿಫರೆನ್ಷಿಯಲ್ ಹಾಕಿದರೆ 3,030ರ ಆಸುಪಾಸಿಗೆ ಇಳಿಯುತ್ತದೆ. ಹಳೆಯ ಐದು ಗೇರಿನ ಬಾಕ್ಸನ್ನೇ ಉಳಿಸಿಕೊಂಡು 1994ರ 4.10 ಹಾಕಿದರೂ 3,065. ಬೀದಿಯಲ್ಲಿ ಓಡಿಸುವವರಿಗೆ ಈ ಕೊನೆಯದೇ ಸಾಕು ಎನ್ನುವುದು ನನ್ನ ಅಭಿಪ್ರಾಯ; ಖರ್ಚೂ ಕಡಿಮೆ.

ಬಾಕ್ಸ್ ಇಳಿಸಲೇಬೇಕೆಂದರೆ, 1.6ರ 200 ಎಂಎಂ ಕ್ಲಚ್ ಬದಲು 1.8ರ 215 ಎಂಎಂ ಕ್ಲಚ್ಚನ್ನು ಅದರ ಫ್ಲೈವೀಲ್ ಸಮೇತ ಹಾಕಿಬಿಡಿ. ಸ್ಪೀಡೊಮೀಟರನ್ನೂ ಮರೆಯಬೇಡಿ. ಅದು ವೇಗ ಓದುವುದು ಗೇರ್‌ಬಾಕ್ಸಿನಿಂದ, 4.30 ಹೋಗಿ 4.10 ಬಂದರೆ ಕಾರು 100ರಲ್ಲಿದ್ದಾಗ ಮುಳ್ಳು 95ರ ಹತ್ತಿರ ನಿಲ್ಲುತ್ತದೆ. ಬಾಕ್ಸಿನ ಪಕ್ಕದಲ್ಲಿರುವ ಅದರ ಪುಟ್ಟ ಗೇರನ್ನು ಹೊಸ ಅನುಪಾತಕ್ಕೆ ತಕ್ಕ ಹಲ್ಲಿನದಕ್ಕೆ ಬದಲಿಸಿದ ಮೇಲೆಯೇ ಕಾರನ್ನು ರಸ್ತೆಗೆ ತನ್ನಿ.