ಕಂದು ನೀರಿನಲ್ಲಿ ಅಡಗಿದ ಸಕ್ಕರೆ

ಮರದಿಂದ ಕಾಗದವಾಗುತ್ತದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಮರದ ಎಷ್ಟು ಭಾಗ ಕಾಗದವಾಯಿತು, ಉಳಿದುದು ಎಲ್ಲಿಗೆ ಹೋಯಿತು ಎಂದು ಕೇಳುವವರು ವಿರಳ. ಈ ಪ್ರಶ್ನೆಯ ಬೆನ್ನುಹತ್ತಿದವರಿಗೆ ದೊರೆತ ಉತ್ತರ ಸೋಜಿಗದ್ದು.

ಮರವೆಂದರೆ ಬರಿಯ ನಾರಲ್ಲ. ನಾರುಗಳನ್ನು ಒಂದಕ್ಕೊಂದು ಬೆಸೆದು ಹಿಡಿದಿರುವ ಲಿಗ್ನಿನ್ ಎಂಬ ವಸ್ತುವಿದೆ. ಸಕ್ಕರೆಯ ಕಣಗಳು ಸರಪಣಿಯಂತೆ ಹೆಣೆದುಕೊಂಡ ಹೆಮಿಸೆಲ್ಯುಲೋಸ್ ಇದೆ. ಯುರೋಪಿನ ಉತ್ತರದ ದೇಶಗಳಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಹಬ್ಬಿದ ಸಲ್ಫೈಟ್ ವಿಧಾನದಲ್ಲಿ, ಸ್ಪ್ರೂಸ್ ಮರದ ಚಕ್ಕೆಗಳನ್ನು ಗಂಧಕದ ಡೈಆಕ್ಸೈಡ್ ಬೆರೆತ ಹುಳಿ ದ್ರಾವಣದಲ್ಲಿ ಬೇಯಿಸುತ್ತಾರೆ. ನಾರು ಬಿಡಿಬಿಡಿಯಾಗುತ್ತದೆ. ಮರದ ತೂಕದಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಕಂದುಬಣ್ಣದ ನೀರಿನಲ್ಲಿ ಕರಗಿಹೋಗುತ್ತದೆ. ಹೆಮಿಸೆಲ್ಯುಲೋಸಿನ ಸರಪಣಿಯೂ ಕಡಿದು, ಸಕ್ಕರೆ ಆ ನೀರನ್ನು ಸೇರುತ್ತದೆ.

ಇದನ್ನು ಹಾಗೆಯೇ ಹೊಳೆಗೆ ಬಿಟ್ಟರೆ ಅಲ್ಲಿಯ ಬ್ಯಾಕ್ಟೀರಿಯಗಳಿಗೆ ಹಬ್ಬದೂಟ. ಸಕ್ಕರೆಯನ್ನು ತಿಂದು ಬೆಳೆಯುವ ಭರದಲ್ಲಿ ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬರಿದುಮಾಡುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಹೊಳೆಯನ್ನು ಕೊಲ್ಲಲು ವಿಷವೇ ಬೇಕೆಂದಿಲ್ಲ, ಸಿಹಿಯೂ ಸಾಕು!

ಹಾಗಿದ್ದರೆ ಆ ಔತಣವನ್ನು ಹೊಳೆಯಲ್ಲಿ ಬಡಿಸುವ ಬದಲು ಕಾರ್ಖಾನೆಯ ತೊಟ್ಟಿಯಲ್ಲಿಯೇ ಏಕೆ ಬಡಿಸಬಾರದು? ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುವುದು ಸೂಕ್ಷ್ಮಜೀವಿಗಳ ದುಡಿಮೆಯಿಂದಲೇ ಅಲ್ಲವೇ? 1909ರಲ್ಲಿ ಸ್ವೀಡನ್ನಿನ ಸ್ಕುಟ್‌ಸ್ಕಾರ್‌ನಲ್ಲಿ ಇಂತಹ ಕೆಲಸ ಕಾರ್ಖಾನೆಯ ಪ್ರಮಾಣದಲ್ಲಿ ಮೊದಲಾಯಿತು. ಕಂದು ನೀರಿನಿಂದ ಗಂಧಕದ ಅನಿಲವನ್ನು ಹೊರಹಾಕಿ, ಸುಣ್ಣದಿಂದ ಹುಳಿಯನ್ನು ತಗ್ಗಿಸಿ, ಯೀಸ್ಟನ್ನು ಬಿಟ್ಟರು. ಸಕ್ಕರೆ ಮದ್ಯಸಾರವಾಯಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಸ್ವೀಡನ್ನಿನ ವಾಹನಗಳನ್ನು ಓಡಿಸಲು ಅದು ನೆರವಾಯಿತು. ನಾರ್ವೆಯ ಸಾರ್ಪ್ಸ್‌ಬೋರ್ಗ್‌ನಲ್ಲಿ ಬೋರೆಗಾರ್ಡ್ ಕಾರ್ಖಾನೆ 1938ರಿಂದ ಇದೇ ಹಾದಿ ಹಿಡಿದಿದೆ. ವರ್ಷಕ್ಕೆ ಸುಮಾರು 2 ಕೋಟಿ ಲೀಟರ್ ಮದ್ಯಸಾರವನ್ನು ತಯಾರಿಸಬಲ್ಲದು.

ಆದರೆ ಸಾಮಾನ್ಯ ಯೀಸ್ಟ್ ಸ್ವಲ್ಪ ನಾಜೂಕಿನ ಅತಿಥಿ. ಆರು ಇಂಗಾಲದ ಸಕ್ಕರೆಯನ್ನು ತಿಂದು, ಐದು ಇಂಗಾಲದ್ದನ್ನು ಎಲೆಯಲ್ಲಿಯೇ ಬಿಟ್ಟೇಳುತ್ತದೆ. ಟೊರುಲಾ ಎಂಬ ಯೀಸ್ಟಿಗೆ ಆ ಭೇದವಿಲ್ಲ. ಎರಡನ್ನೂ ಉಂಡು ತಾನೇ ಕೊಬ್ಬುತ್ತದೆ. ಒಣಗಿಸಿದ ಅದರ ತೂಕದಲ್ಲಿ ಸುಮಾರು ಅರ್ಧ ಭಾಗ ಪ್ರೋಟೀನು. ಯುದ್ಧಕಾಲದ ಜರ್ಮನಿಯಲ್ಲಿ ಇದು ದನಗಳ ಮೇವಿಗಷ್ಟೇ ಅಲ್ಲ, ಮನುಷ್ಯರ ಊಟಕ್ಕೂ ಬಂದಿತು.

ಫಿನ್ಲೆಂಡಿನವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಅವರು ಆರಿಸಿದ್ದು ಪೈಸಿಲೋಮೈಸಿಸ್ ಎಂಬ ಬೂಷ್ಟನ್ನು. ಅದು ಎಳೆಎಳೆಯಾಗಿ ಬೆಳೆಯುವುದರಿಂದ ಸೋಸಿ ತೆಗೆಯುವುದು ಸುಲಭ. ‘ಪೆಕಿಲೋ’ ಎಂದು ಹೆಸರಾದ ಈ ವಿಧಾನ 1975ರಲ್ಲಿ ಯಾಮ್ಸಾನ್‌ಕೊಸ್ಕಿಯ ಗಿರಣಿಯಲ್ಲಿ ಕಾರ್ಯರೂಪಕ್ಕೆ ಬಂದು, ಹಂದಿ ಕೋಳಿಗಳಿಗೆ ಪುಷ್ಟಿಯ ಆಹಾರವನ್ನೊದಗಿಸಿತು.

ಇಷ್ಟೆಲ್ಲ ಲಾಭವಿದ್ದೂ ಪೆಕಿಲೋ 1990ರ ದಶಕದ ಆರಂಭದಲ್ಲಿ ನಿಂತುಹೋಯಿತು. ದೋಷ ಬೂಷ್ಟಿನದಲ್ಲ. ಸಲ್ಫೈಟ್ ಗಿರಣಿಗಳೇ ಒಂದೊಂದಾಗಿ ಮುಚ್ಚಿಕೊಂಡವು. ಅವುಗಳ ಸ್ಥಾನಕ್ಕೆ ಬಂದ ಕ್ರಾಫ್ಟ್ ವಿಧಾನದಲ್ಲಿ ಮರವನ್ನು ಕ್ಷಾರದಲ್ಲಿ ಬೇಯಿಸುತ್ತಾರೆ. ಅಲ್ಲಿ ಸಕ್ಕರೆ ಕೆಟ್ಟುಹೋಗುತ್ತದೆ. ಉಳಿದ ಕಪ್ಪು ದ್ರವವನ್ನು ಉರಿಸಿ ಹಬೆಯನ್ನೂ ರಾಸಾಯನಿಕಗಳನ್ನೂ ಮರಳಿ ಪಡೆಯುತ್ತಾರೆ. ಬಡಿಸುವ ಕೈ ನಿಂತಮೇಲೆ ಉಣ್ಣುವವನು ಏನು ಮಾಡಿಯಾನು?

ಆದರೂ ಆ ವಿದ್ಯೆ ಅಳಿಯಲಿಲ್ಲ. 2020ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಎನಿಫರ್ ಎಂಬ ಸಂಸ್ಥೆ ಅದೇ ಬೂಷ್ಟನ್ನು ಮತ್ತೆ ದುಡಿಮೆಗೆ ಹಚ್ಚಿದೆ. ಈ ಸಲ ಬೇರೆ ಬೇರೆ ಉದ್ಯಮಗಳ ಉಳಿಕೆಯ ಮೇಲೂ ಅದರ ಕಣ್ಣಿದೆ. ಕಸದಿಂದ ರಸ ತೆಗೆಯುವುದೆಂದರೆ ಇದೇ. ತಕ್ಕ ಜೀವಿಯನ್ನು ಹುಡುಕಿ, ತಕ್ಕ ತೊಟ್ಟಿಯಲ್ಲಿ ಬಡಿಸುವ ಜಾಣ್ಮೆ ನಮ್ಮದಾಗಬೇಕು. ಇಲ್ಲವಾದರೆ ಆ ಊಟದ ಬೆಲೆಯನ್ನು ಹೊಳೆಯೇ ತೆರಬೇಕಾಗುತ್ತದೆ.