ಗೋಲುರಕ್ಷಕನ ತಪ್ಪು: ಒಂದು ಪಾಠ

ಕಾಲ್ಚೆಂಡಾಟದ ತಂಡದಲ್ಲಿ ಹತ್ತು ಮಂದಿಯ ತಪ್ಪನ್ನು ಸರಿಪಡಿಸಲು ಅವರ ಹಿಂದೆ ಮತ್ತೊಬ್ಬನಿರುತ್ತಾನೆ. ಗೋಲುರಕ್ಷಕನ ಹಿಂದೆ ಇರುವುದು ಬಲೆ ಮಾತ್ರ. ಆದುದರಿಂದಲೇ ಅವನ ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂತಹ ಊರುಗಳ ಶಾಲಾ ಬಯಲಿನಲ್ಲಿ ಒಂದು ಗೋಲು ಬಿಟ್ಟುಕೊಟ್ಟ ಬಾಲಕನು ಸಂಗಡಿಗರ ಮೂದಲಿಕೆಗೆ ಅಂಜಿ ಮರುದಿನ ಆಟಕ್ಕೇ ಬಾರದಿರುವ ಸಂಭವವುಂಟು. ಶಿಕ್ಷಕನ ಹೊಣೆ ಆರಂಭವಾಗುವುದು ಅಲ್ಲಿಂದಲೇ.

ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯಲ್ಲಿ ಎಳೆ ಕಡಿದರೆ ಗೂಡನ್ನು ಎಸೆಯುವುದಿಲ್ಲ. ತುದಿಯನ್ನು ಹುಡುಕಿ ಮತ್ತೆ ಕೂಡಿಸುತ್ತಾರೆ. ಗೋಲುರಕ್ಷಕನ ತಪ್ಪಿಗೂ ಇಂತಹ ಒಂದು ತುದಿಯಿದೆ. ಅದು ಚೆಂಡು ಬಲೆ ಸೇರಿದ ಕ್ಷಣದಲ್ಲಲ್ಲ, ಅದಕ್ಕೆ ತುಸು ಹಿಂದೆ, ನಿಂತ ನೆಲೆಯಲ್ಲೋ ನೋಟದಲ್ಲೋ ಕೈಯಲ್ಲೋ ಅಡಗಿರುತ್ತದೆ. ಅದನ್ನು ಹುಡುಕುವ ಅಭ್ಯಾಸಕ್ಕೆ ಪ್ರಸಿದ್ಧ ಆಟಗಾರರ ತಪ್ಪುಗಳೇ ಉತ್ತಮ ಪಠ್ಯ.

2002ರ ವಿಶ್ವಕಪ್‌ನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದವನು ಜರ್ಮನಿಯ ಗೋಲುರಕ್ಷಕ ಆಲಿವರ್ ಕಾನ್. ಅಂತಿಮ ಪಂದ್ಯಕ್ಕೆ ಮೊದಲು ಅವನು ಬಿಟ್ಟುಕೊಟ್ಟದ್ದು ಒಂದೇ ಗೋಲು. ಆದರೆ ಜೂನ್ 30ರಂದು ಯೊಕೊಹಾಮಾದಲ್ಲಿ ಬ್ರೆಜಿಲ್‌ನ ರಿವಾಲ್ಡೊ ಹೊಡೆದ ಚೆಂಡು ಅವನ ಹಿಡಿತದಿಂದ ಜಾರಿ ಮುಂದಕ್ಕೆ ಬಿದ್ದಿತು. ರೊನಾಲ್ಡೊ ಅದನ್ನು ಗೋಲಾಗಿಸಿದನು. ಪಾಠ ಸ್ಪಷ್ಟ: ಕೆಳಮಟ್ಟದ ಚೆಂಡಿಗೆ ಎರಡೂ ಕಿರುಬೆರಳುಗಳು ಕೂಡಿರಬೇಕು, ಮೈ ಕೈಗಳ ಹಿಂದಿರಬೇಕು, ಹಿಡಿಯಲಾಗದ ಚೆಂಡನ್ನು ಪಕ್ಕಕ್ಕೆ ತಳ್ಳಬೇಕು.

ಎರಡನೆಯ ಪಾಠ ಬೆಂಗಳೂರಿನದೇ. 2023ರ ಮಾರ್ಚ್ 3ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಹಾಗೂ ಕೇರಳ ತಂಡಗಳ ನಡುವಣ ಪಂದ್ಯದ ಹೆಚ್ಚುವರಿ ಅವಧಿ. ಕೇರಳದ ಗೋಲುರಕ್ಷಕನು ಆಟಗಾರರ ಅಡ್ಡಗೋಡೆಯನ್ನು ಸರಿಪಡಿಸುತ್ತಿರುವಾಗಲೇ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದರು. ಕೇರಳ ತಂಡವು ಪ್ರತಿಭಟಿಸಿ ಅಂಗಣದಿಂದ ಹೊರನಡೆಯಿತು. ಆದರೆ ಗೋಲು ನಿಂತಿತು. ನಿರ್ಣಾಯಕರು ಕಾಯುವಂತೆ ಸೂಚಿಸದಿದ್ದರೆ ಫ್ರೀಕಿಕ್ಕಿಗೆ ಸೀಟಿಯ ಅಗತ್ಯವಿಲ್ಲ. ಬಾಯಿ ಸಂಗಡಿಗರನ್ನು ನಿಲ್ಲಿಸುತ್ತಿದ್ದರೂ ಕಣ್ಣು ಚೆಂಡಿನ ಮೇಲಿರಬೇಕು.

ಮೂರನೆಯದು ಶಿಕ್ಷಕರಿಗೇ ಪಾಠ. 2018ರ ಚಾಂಪಿಯನ್ಸ್ ಲೀಗ್ ಅಂತಿಮ ಪಂದ್ಯದಲ್ಲಿ ಲಿವರ್‌ಪೂಲ್‌ನ ಲೋರಿಸ್ ಕಾರಿಯಸ್ ಎಸೆದ ಚೆಂಡು ಎದುರಾಳಿ ಬೆಂಜೆಮಾನ ಕಾಲಿಗೆ ತಾಗಿ ಗೋಲಾಯಿತು. ಮುಂದೆ ದೂರದ ಹೊಡೆತವೊಂದು ಅವನ ಕೈಯಿಂದ ಜಾರಿತು. ಜಗತ್ತು ನಕ್ಕಿತು. ಮೊದಲ ತಪ್ಪಿಗೆ ತುಸು ಮುಂಚೆ ಅವನ ತಲೆಗೆ ಪೆಟ್ಟು ಬಿದ್ದಿತ್ತು. ಬೋಸ್ಟನ್ನಿನ ವೈದ್ಯರು ಅನಂತರ ಪರೀಕ್ಷಿಸಿ, ಮಿದುಳಿಗೆ ಆಘಾತವಾಗಿತ್ತೆಂದೂ ಅದು ಆಟವನ್ನು ಬಾಧಿಸಿರಬಹುದೆಂದೂ ತಿಳಿಸಿದರು. ತಲೆಗೆ ಪೆಟ್ಟು ಬಿದ್ದ ಬಾಲಕನನ್ನು ಒಡನೆಯೇ ಹೊರಗೆ ಕರೆಯಬೇಕು. ಕಾರಣ ತಿಳಿಯದೆ ಬೈಯಬಾರದು.

ಅಭ್ಯಾಸಕ್ರಮದಲ್ಲಿಯೂ ಎಚ್ಚರ ಬೇಕು. ಪೂರ್ಣ ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಹತ್ತು ವರ್ಷದ ಮಗುವಿನ ತಲೆಯ ಮೇಲಿಂದ ಹೋದ ಚೆಂಡು ಮಗುವಿನ ತಪ್ಪಲ್ಲ. ಗೋಲನ್ನು ಕಿರಿದುಗೊಳಿಸದ ಹಿರಿಯರ ತಪ್ಪು. ಗಟ್ಟಿಯಾದ ಕೆಂಪು ನೆಲದಲ್ಲಿ ಹಾರಿ ಬೀಳುವುದನ್ನು ಕಲಿಸಿದರೆ ಮಗು ಕಲಿಯುವುದು ಭಯವನ್ನೇ. ಮರಳಿನ ಮೇಲೆ ಮೊದಲು ಕುಳಿತು, ಬಳಿಕ ಮಂಡಿಯೂರಿ, ಕೊನೆಗೆ ನಿಂತು ಬೀಳುವುದನ್ನು ಕಲಿಸಬೇಕು. ಗೋಲಾದಾಗ “ಏಕೆ ಬಿಟ್ಟೆ?” ಎನ್ನದೆ “ಚೆಂಡು ಹೊರಟಾಗ ನೀನೆಲ್ಲಿ ನಿಂತಿದ್ದೆ?” ಎಂದು ಕೇಳಬೇಕು. ಮೊದಲನೆಯ ಪ್ರಶ್ನೆಗೆ ಉತ್ತರ ಕಣ್ಣೀರು. ಎರಡನೆಯದಕ್ಕೆ ಉತ್ತರ ವಿಚಾರ.

1950ರ ವಿಶ್ವಕಪ್‌ನ ನಿರ್ಣಾಯಕ ಪಂದ್ಯದಲ್ಲಿ ಉರುಗ್ವೆಯ ಗಿಗ್ಗಿಯಾ ಹೊಡೆದ ಚೆಂಡನ್ನು ಬ್ರೆಜಿಲ್‌ನ ಬಾರ್ಬೋಸಾ ತಡೆಯಲಾರದೆ ಹೋದನು. 2000ದಲ್ಲಿ ತೀರಿಕೊಳ್ಳುವವರೆಗೂ, ಅರ್ಧ ಶತಮಾನ ಆ ನಿಂದೆ ಅವನನ್ನು ಬಿಡಲಿಲ್ಲ. ಒಂದು ರಾಷ್ಟ್ರವು ಒಬ್ಬನಿಗೆ ಮಾಡಿದ ಈ ಅನ್ಯಾಯವನ್ನು ಶಾಲೆಯ ಬಯಲು ಒಂದು ಮಗುವಿಗೆ ಮಾಡಬಾರದು. ಒಂದು ಗಾಡಿ ಮರಳು, ಒಂದು ಬಲೆ, ಮಗುವಿನ ಕೈಗೆ ಒಪ್ಪುವ ಕೈಚೀಲಗಳು: ದಾನಿಗಳಿಂದ ಬೇಕಾದುದು ಇಷ್ಟೇ. ಶಿಕ್ಷಕರಿಂದ ಬೇಕಾದುದು ತಾಳ್ಮೆ. ತಪ್ಪಿದ ಬಾಲಕನು ಮರುದಿನವೂ ಗೋಲಿನಲ್ಲಿ ಬಂದು ನಿಂತರೆ ಆ ಶಿಕ್ಷಣ ಸಫಲವಾಯಿತೆನ್ನಬಹುದು.